ಆರೂವರೆಯ ಕವಾಯತು

ಎರಡು ವಾರಗಳ ಹಿಂದೆ ಇಲ್ಲಿನ ರೈಲುಗಳ ಬಗ್ಗೆ ಬರೆದಿದ್ದೆನಲ್ಲ, ಅದನ್ನು ಓದಿದ ಹಾಸನದ ಓದುಗರೊಬ್ಬರು ಪತ್ರ ಬರೆದಿದ್ದಾರೆ. 'ಟೋಕಿಯೊದಲ್ಲಿ ಬಹಳ ಜನ ತೆಳ್ಳಗಿರುತ್ತಾರಂತೆ, ಎಲ್ಲರೂ ಜಿಮ್‌ಗೆ ಹೋಗುತ್ತಾರಾ? ಏನು ಹಾಕಿಕೊಂಡು ಹೋಗುತ್ತಾರೆ? ನಮ್ಮ ಮನೆಯವರು ನನಗೆ ವಾಕಿಂಗ್‌ಗೆ ಅಂತ ಟ್ರ್ಯಾಕ್ ಪ್ಯಾಂಟ್ ತಂದುಕೊಟ್ಟಿದ್ದಾರೆ. ಹಾಕಿಕೊಳ್ಳಲು ನಾಚಿಕೆ.' ಮೊದಲಿನ ಪ್ರಶ್ನೆಗಳಿಗೆ ನಾಲ್ಕು ಸಾಲಿನಲ್ಲಿ ಉತ್ತರ ಮುಗಿಸಬಹುದಿತ್ತು. ಕೊನೆಯ ಮಾತು ಓದಿದ ಮೇಲೆ ಅಮ್ಮನ ನೆನಪಾಯಿತು. ಹಾಗಾಗಿ ಈ ವಾರ ಪೂರ್ತಿ ಅದೇ ಕಥೆ.

ಅಮ್ಮ ಹೋದ ವರ್ಷ ಜುಲೈನಲ್ಲಿ ತಿಪಟೂರಿನಿಂದ ಇಲ್ಲಿಗೆ ಬಂದಿದ್ದಳು. 90 ದಿನಗಳ ವೀಸಾ. ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಹುಣಸೆಹಣ್ಣು, ಎಂಟು ಸೀರೆ, ಮೂರು ತಿಂಗಳಿಗಾಗುವಷ್ಟು ಮಾತ್ರೆ ಮತ್ತು ಡಾಕ್ಟರ ಚೀಟಿ. ಸಕ್ಕರೆ ಕಾಯಿಲೆ ಇದೆ, ಮಂಡಿ ಆಗಾಗ ಹಿಡಿದುಕೊಳ್ಳುತ್ತದೆ. ದಿನಾ ಅರ್ಧ ಗಂಟೆ ನಡೆಯಬೇಕು ಎಂದು ಬರೆದು ಡಾಕ್ಟರು ಅದರ ಕೆಳಗೆ ಎರಡು ಗೆರೆ ಎಳೆದಿದ್ದರು.

ಅಮ್ಮ ಸೋಮಾರಿಯಲ್ಲ. ಊರಿನಲ್ಲಿ ಬೆಳಗಿನ ಜಾವ ಐದಕ್ಕೇ ಮಹಡಿ ಹತ್ತಿ, ಹವಾಯಿ ಚಪ್ಪಲಿ ಮೆಟ್ಟಿಕೊಂಡು ನೀರಿನ ಟ್ಯಾಂಕಿನ ಸುತ್ತ ಸುತ್ತು ಹಾಕುತ್ತಾಳೆ. ರಸ್ತೆಗಿಳಿದು ನಡೆಯಲು ಮಾತ್ರ ಸುತಾರಾಂ ಒಪ್ಪುವುದಿಲ್ಲ. ಒಂದು ಸಲ ಊರಿಗೆ ಹೋದಾಗ ಒಳ್ಳೆಯ ಶೂ ಒಯ್ದು ಕೊಟ್ಟಿದ್ದೆ. "ಸೀರೆ ಕೆಳಗೆ ಇದನ್ನ ಹಾಕ್ಕೊಂಡು ಹೋದ್ರೆ ಕೋಡಂಗಿ ಥರ ಕಾಣ್ತೀನಿ ಕಣೇ" ಅಂದವಳೇ ಡಬ್ಬದ ಸಮೇತ ಮಂಚದ ಕೆಳಗೆ ತಳ್ಳಿಬಿಟ್ಟಳು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಸೀರೆ, ಸ್ವೆಟರ್, ಬಿಳಿ ಶೂ ಹಾಕಿಕೊಂಡು ಬಿರಬಿರನೆ ನಡೆಯುವ ಹೆಂಗಸರು ಬೇಕಾದಷ್ಟು ಇದ್ದಾರಮ್ಮ ಎಂದರೆ, "ಅದು ಬೆಂಗಳೂರು" ಎನ್ನುವ ಉತ್ತರ.

ನಾವಿರುವುದು ಟೋಕಿಯೊದ ನಿಶಿ ಕಸಾಯ್‌ನಲ್ಲಿ. ಈ ಊರಿನಲ್ಲಿ ಭಾರತೀಯರು ಹೆಚ್ಚಾಗಿ ನೆಲೆಸಿರುವ ಬಡಾವಣೆ ಇದು. ಮೊದಲ ದಿನ ಅಮ್ಮ ಬಾಲ್ಕನಿಯಿಂದ ಕೆಳಗೆ ನೋಡಿ "ಇಲ್ಲೂ ನಮ್ಮವರೇ ಇದ್ದಾರಲ್ಲೇ" ಎಂದು ಖುಷಿಪಟ್ಟಳು. ಮರುದಿನ ವಾಕಿಂಗ್‌ಗೆ ಕರೆದೆ. ಅದೇ ಮಾತು, ದನಿ ಮಾತ್ರ ಬೇರೆ: "ಇಲ್ಲೂ ನಮ್ಮವರೇ ಇದ್ದಾರಲ್ಲೇ!" ಜಪಾನಿಯರು ನೋಡಿದರೆ ಚಿಂತೆಯಿಲ್ಲ, ಅವರಿಗೆ ನಾವು ಹೇಗಿದ್ದರೂ ವಿಚಿತ್ರವೇ. ನಮ್ಮವರು ನೋಡಿದರೆ?

ಹೇಗೋ ಪುಸಲಾಯಿಸಿ ಅರಾಕಾವಾ ನದಿಯ ದಂಡೆಗೆ ಕರೆದುಕೊಂಡು ಹೋದೆ. ಅಲ್ಲಿ ಅಮ್ಮನ ಬಾಯಿ ಕಟ್ಟಿತು. ಎದುರಿಗೆ ಬರುತ್ತಿದ್ದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾ ಹೋದಳು. ತಲೆಗೆ ಮೊರದಗಲದ ಟೊಪ್ಪಿ. ಮೊಣಕೈ ದಾಟಿದ ಕೈಗವಸು. ಕುತ್ತಿಗೆಗೆ ಟವೆಲ್ಲು. ಕೆಲವರಿಗೆ ಕಣ್ಣು ಬಿಟ್ಟರೆ ಬೇರೇನೂ ಕಾಣದ ಮುಸುಕು. ಇಷ್ಟೆಲ್ಲ ಬಿಸಿಲಿಗೆ ಹೆದರಿ. ಚರ್ಮ ಕಪ್ಪಾಗಬಾರದು ಎಂಬ ಕಾಳಜಿ ಇಲ್ಲಿ ಬಹಳ. ಓಡುವ ಹುಡುಗಿಯರೂ ಬಿಗಿಯಾದ ಟೈಟ್ಸ್ ಹಾಕಿದರೆ ಅದರ ಮೇಲೊಂದು ಚಡ್ಡಿಯನ್ನೋ ಗಿಡ್ಡ ಲಂಗವನ್ನೋ ಹಾಕಿಕೊಂಡಿರುತ್ತಾರೆ. "ಇವರು ನಮಗಿಂತ ಜಾಸ್ತಿ ಮುಚ್ಕೊಂಡಿದ್ದಾರಲ್ಲೇ! ಫಾರಿನ್ನು ಅಂದ್ರೆ ಎಲ್ಲಾ ಅರೆಬರೆ ಬಟ್ಟೆ ಅಂದ್ಕೊಂಡಿದ್ದೆ" ಅಂದಳು ಅಮ್ಮ.

ನಾನೂ ಬಂದ ಹೊಸದರಲ್ಲಿ ಹಾಗೇ ಅಂದುಕೊಂಡಿದ್ದೆ. ಹೆದರಿ, ವಾರ್ಡಿನ ಸಾರ್ವಜನಿಕ ಜಿಮ್‌ಗೆ ಚೂಡಿದಾರದಲ್ಲೇ ಹೋಗಿದ್ದೆ, ದುಪಟ್ಟಾ ಸೊಂಟಕ್ಕೆ ಗಂಟು ಹಾಕಿಕೊಂಡು. ಕೌಂಟರಿನ ಹುಡುಗ ಎರಡು ಸಲ ಬಗ್ಗಿ ನಮಸ್ಕರಿಸಿ, ಮೊದಲು ನನ್ನ ಕಾಲು ತೋರಿಸಿದ. ಹೊರಗೆ ಮೆಟ್ಟಿದ ಶೂ ಒಳಗೆ ನಡೆಯದು, ಒಳಗಿನದ್ದೇ ಬೇರೆ ಜೊತೆ ಬೇಕು. ಆಮೇಲೆ ದುಪಟ್ಟಾ ತೋರಿಸಿ, ಟ್ರೆಡ್‌ಮಿಲ್‌ಗೆ ಸಿಕ್ಕಿಕೊಳ್ಳುವುದನ್ನು ಅಭಿನಯಿಸಿದ. ಬಟ್ಟೆಯ ಬಗ್ಗೆ ಅಷ್ಟೇ ಮಾತು. ಹಚ್ಚೆ ಹಾಕಿಸಿಕೊಂಡವರಿಗೆ ಅನೇಕ ಜಿಮ್‌ಗಳಲ್ಲಿ ಪ್ರವೇಶವಿಲ್ಲ, ಇಲ್ಲವೇ ಹಚ್ಚೆ ಮುಚ್ಚಿಕೊಂಡು ಬನ್ನಿ ಎನ್ನುತ್ತಾರೆ. ಕೈಮೇಲೆ ಹಚ್ಚೆಯಿದ್ದ ನಮ್ಮಜ್ಜಿ ಬಂದಿದ್ದರೆ ಬಾಗಿಲಲ್ಲೇ ತಡೆಯುತ್ತಿದ್ದರೇನೋ!

ನದಿ ದಂಡೆಗೆ ಅಮ್ಮ ಬಂದದ್ದು ಮೂರೇ ದಿನ. ನಾಲ್ಕನೆಯ ದಿನ ಮಂಡಿ ನೋವು, ಐದನೆಯ ದಿನ ಸೆಕೆ. ಅಷ್ಟರಲ್ಲಿ ಮಗಳಿಗೆ ಬೇಸಿಗೆ ರಜೆ ಶುರುವಾಯಿತು. ಟೋಕಿಯೊದ ಪ್ರಾಥಮಿಕ ಶಾಲೆಗಳಿಗೆ ಜುಲೈ 20ರ ಸುಮಾರಿಗೆ ರಜೆ. ರಜೆಯ ಜೊತೆ ಮನೆಗೆ ಒಂದು ಚೀಟಿ ಬರುತ್ತದೆ. ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಳ್ಳುವ ಚೀಟಿ, ಅದರ ತುಂಬ ತಾರೀಖಿನ ಚೌಕಗಳು. ಬೆಳಿಗ್ಗೆ ಆರೂವರೆಗೆ ಪಾರ್ಕಿಗೆ ಹೋಗಿ ವ್ಯಾಯಾಮ ಮಾಡಿದರೆ ಆ ದಿನದ ಚೌಕಕ್ಕೆ ಒಂದು ಸೀಲು. ಕೊನೆಯ ದಿನ ಪೆನ್ಸಿಲ್ಲೋ ತಿಂಡಿಯ ಪೊಟ್ಟಣವೋ ಬಹುಮಾನ. ಇದೇ 'ರೇಡಿಯೊ ತಾಯ್ಸೊ', ಅಂದರೆ ರೇಡಿಯೊ ವ್ಯಾಯಾಮ.

ಇದರ ಕಥೆ ಸ್ವಾರಸ್ಯವಾಗಿದೆ, ಮಕ್ಕಳೂ ಕೇಳಿ. 1920ರ ದಶಕದಲ್ಲಿ ಅಮೆರಿಕದ ಮೆಟ್ರೊಪಾಲಿಟನ್ ಲೈಫ್ ಎಂಬ ವಿಮಾ ಕಂಪನಿ ರೇಡಿಯೊದಲ್ಲಿ ವ್ಯಾಯಾಮ ಹೇಳಿಕೊಡಲು ಶುರುಮಾಡಿತು. ಜನ ಗಟ್ಟಿಮುಟ್ಟಾಗಿ ಹೆಚ್ಚು ಕಾಲ ಬದುಕಿದರೆ ವಿಮಾ ಕಂಪನಿಗೂ ಲಾಭವೇ ತಾನೇ! ಜಪಾನಿನ ಅಂಚೆ ಇಲಾಖೆಗೂ ಜೀವ ವಿಮೆಯ ವ್ಯವಹಾರವಿತ್ತು. ಅವರು ಅದನ್ನು ನೋಡಿ ಬಂದು 1928ರ ನವೆಂಬರ್ 1ರಂದು ಇಲ್ಲೂ ಶುರುಮಾಡಿದರು. ಹೊಸ ಚಕ್ರವರ್ತಿಯ ಪಟ್ಟಾಭಿಷೇಕದ ವರ್ಷ ಅದು. ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಬೆಳಿಗ್ಗೆ ಸೇರಿಸುವ ಪದ್ಧತಿ 1930ರಲ್ಲಿ ಟೋಕಿಯೊದ ಕಾಂಡಾ ಎಂಬಲ್ಲಿ ಒಬ್ಬ ಪೊಲೀಸಿನವರಿಂದ ಆರಂಭವಾಯಿತು. ಅಲ್ಲಿನ ಸಾಕುಮಾ ಪಾರ್ಕಿನಲ್ಲಿ ಅದರ ನೆನಪಿಗೆ ಕಲ್ಲು ನೆಟ್ಟಿದ್ದಾರೆ. ಯುದ್ಧದ ಕಾಲದಲ್ಲಿ ಇದೇ ವ್ಯಾಯಾಮ ಜನರನ್ನು ಸಾಲಾಗಿ ನಿಲ್ಲಿಸಿ ಹುಕುಂ ಪಾಲಿಸುವುದನ್ನು ಕಲಿಸುವ ಕೆಲಸಕ್ಕೂ ಬಳಕೆಯಾಯಿತು. ಹಾಗಾಗಿ ಯುದ್ಧದಲ್ಲಿ ಸೋತ ಮೇಲೆ ಕೆಲವು ವರ್ಷ ನಿಂತೇ ಹೋಗಿತ್ತು. ಈಗ ನಡೆಯುತ್ತಿರುವುದು 1951ರಲ್ಲಿ ಹೊಸದಾಗಿ ರೂಪಿಸಿದ್ದು. ಒಟ್ಟು 13 ಬಗೆಯ ಚಲನೆ, ಮೂರು ನಿಮಿಷದ ಆಸುಪಾಸು, ಹಿನ್ನೆಲೆಯಲ್ಲಿ ಪಿಯಾನೊ. ಎನ್‌ಎಚ್‌ಕೆ ರೇಡಿಯೊದಲ್ಲಿ ಬೆಳಿಗ್ಗೆ ಆರೂವರೆಗೆ ಇವತ್ತಿಗೂ ಬರುತ್ತದೆ.

ನಿಮ್ಮ ಮೊಬೈಲು ದಿನಕ್ಕೆ 10,000 ಹೆಜ್ಜೆ ನಡೆಯಿರಿ ಎಂದು ಪೀಡಿಸುತ್ತದಲ್ಲ, ಅದೂ ಇಲ್ಲಿಯದೇ. 1964ರ ಟೋಕಿಯೊ ಒಲಿಂಪಿಕ್ಸ್ ಆದ ಮರುವರ್ಷ ಜಪಾನಿನ ಕಂಪನಿಯೊಂದು ಸೊಂಟಕ್ಕೆ ಕಟ್ಟಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರ ತಂದು 'ಮಂಪೊಕೇ' ಎಂದು ಹೆಸರಿಟ್ಟಿತು. ಮಂ ಅಂದರೆ ಹತ್ತು ಸಾವಿರ, ಪೊ ಅಂದರೆ ಹೆಜ್ಜೆ, ಕೇ ಅಂದರೆ ಮಾಪಕ. ಆ ಹೆಸರೇ ಮುಂದೆ ಲೋಕಕ್ಕೆಲ್ಲ ಲೆಕ್ಕವಾಯಿತು.

ಸರಿ, ಅಮ್ಮನ ವಿಷಯಕ್ಕೆ ಬರುತ್ತೇನೆ. ಮೊದಲ ದಿನ ಮಗಳು ಶಾಲೆಯ ವ್ಯಾಯಾಮದ ಬಟ್ಟೆ ಹಾಕಿಕೊಂಡು ಹೊರಟಳು. ಬಿಳಿ ಟೀ ಶರ್ಟು, ನೀಲಿ ಚಡ್ಡಿ, ಒಂದು ಮಗ್ಗುಲು ಕೆಂಪು ಇನ್ನೊಂದು ಮಗ್ಗುಲು ಬಿಳಿ ಇರುವ ಟೊಪ್ಪಿ. ಆಟೋಟದ ದಿನ ಮಕ್ಕಳನ್ನು ಕೆಂಪು ತಂಡ, ಬಿಳಿ ತಂಡ ಎಂದು ಎರಡು ಮಾಡುತ್ತಾರೆ, ಟೊಪ್ಪಿ ತಿರುಗಿಸಿಕೊಂಡರೆ ಆಯಿತು. ಎದೆಯ ಮೇಲೆ ಹೆಸರಿನ ಬಟ್ಟೆ ಹೊಲಿಯುವುದು ತಾಯಂದಿರ ಕೆಲಸ. ನಮ್ಮ ಉದ್ದನೆಯ ಹೆಸರನ್ನು ಕಟಾಕಾನಾ ಲಿಪಿಯಲ್ಲಿ ಅಷ್ಟು ಸಣ್ಣ ಜಾಗಕ್ಕೆ ಹಿಡಿಸುವ ಪಾಡು ನನಗೇ ಗೊತ್ತು.

ಮಗಳ ತೊಡೆಯರ್ಧಕ್ಕೆ ಬರುವ ಆ ಚಡ್ಡಿಯನ್ನು ಅಮ್ಮ ನೋಡಿದಳು. ನಾನು ಅಮ್ಮನನ್ನು ನೋಡಿದೆ. ಅಮ್ಮ "ಮಂಡಿ ತರಚ್ಕೋಬೇಡ ಪುಟ್ಟಿ" ಅಂದಳು, ಅಷ್ಟೇ.

ನನಗೆ ಒಳಗೊಳಗೇ ಉರಿಯಿತು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯ ಖೊಖೊ ತಂಡದಲ್ಲಿದ್ದೆ. ಚೆನ್ನಾಗಿ ಓಡುತ್ತಿದ್ದೆ, ಕಂಬ ಮುಟ್ಟಿ ತಿರುಗುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ತಾಲ್ಲೂಕು ಪಂದ್ಯಕ್ಕೆ ಆಯ್ಕೆಯಾಯಿತು. ಪಂದ್ಯಕ್ಕೆ ಚಡ್ಡಿ, ಬನಿಯನ್ ಹಾಕಬೇಕು ಎಂದರು ಡ್ರಿಲ್ ಮೇಷ್ಟ್ರು. ಅಮ್ಮ ಒಂದೇ ಮಾತಿನಲ್ಲಿ "ಬೇಡ" ಅಂದಳು. ನಾನು ಎರಡು ದಿನ ಊಟ ಬಿಟ್ಟೆ, ಮೂರನೆಯ ದಿನ ಉಂಡೆ. ಅಲ್ಲಿಂದ ಮುಂದೆ ಶನಿವಾರದ ಬಿಳಿ ಯೂನಿಫಾರಂ ಕವಾಯತು ಬಿಟ್ಟರೆ ಮೈದಾನಕ್ಕೆ ಕಾಲಿಡಲಿಲ್ಲ. ದೊಡ್ಡವಳಾದ ಮೇಲೆ ಆ ಕವಾಯತಿಗೂ ಮರದ ನೆರಳಲ್ಲಿ ಕೂರುವ ಹುಡುಗಿಯರ ಸಾಲಿಗೆ ಸೇರಿದೆ. ಅವತ್ತು ನನಗೆ ಸಲ್ಲದ ಚಡ್ಡಿ ಇವತ್ತು ಮೊಮ್ಮಗಳಿಗೆ ಸಲ್ಲುತ್ತದೆ! ಇದನ್ನು ಅಮ್ಮನಿಗೆ ಹೇಳಲಿಲ್ಲ. 28 ವರ್ಷ ಹೇಳದೇ ಇದ್ದವಳು ಅವತ್ತೂ ನುಂಗಿಕೊಂಡೆ.

"ಅಜ್ಜಿ, ನೀನೂ ಬಾ" ಎಂದು ಮಗಳು ಕೈ ಹಿಡಿದು ಎಳೆದಳು. ನೋಡಿಕೊಂಡು ಬರುತ್ತೇನೆ ಎಂದು ಅಮ್ಮ ಹೊರಟಳು, ವಾಯಿಲ್ ಸೀರೆ, ಚಪ್ಪಲಿಯಲ್ಲಿ. ಪಾರ್ಕಿನಲ್ಲಿ ಆಗಲೇ ಐವತ್ತು ಅರವತ್ತು ಜನ. ಅಮ್ಮ ಬೆಂಚಿನ ಮೇಲೆ ಕೂತು ಎಲ್ಲರ ಬಟ್ಟೆ ಲೆಕ್ಕ ಹಾಕಿದಳು. ಅಡುಗೆಮನೆಯಿಂದ ಏಪ್ರನ್ ಬಿಚ್ಚದೇ ಬಂದ ಹೆಂಗಸು. ಹಳೇ ಪೈಜಾಮದಲ್ಲಿ ಒಬ್ಬ ಮುದುಕರು. ಪ್ಯಾಂಟು, ಬಿಳಿ ಶರ್ಟು, ಕಚೇರಿಯ ಬ್ಯಾಗು ಪಕ್ಕದಲ್ಲಿಟ್ಟುಕೊಂಡು ನಿಂತ ಒಬ್ಬಾತ. ಕಟ್ಟಡ ಕೆಲಸದ ದೊಗಳೆ ಷರಾಯಿಯ ಇಬ್ಬರು ಹುಡುಗರು. ವ್ಯಾಯಾಮದ ಬಟ್ಟೆ ಎಂದು ಹಾಕಿಕೊಂಡು ಬಂದಿದ್ದವರು ಬಹುಪಾಲು ಮಕ್ಕಳೇ. ಮೂರು ನಿಮಿಷದ ಕೆಲಸಕ್ಕೆ ಬಟ್ಟೆ ಯಾರು ಬದಲಾಯಿಸುತ್ತಾರೆ?

ಪಿಯಾನೊ ಶುರುವಾಯಿತು. ಎರಡೂ ಕೈ ಮುಂದಿನಿಂದ ಮೇಲಕ್ಕೆತ್ತಿ ಬೆನ್ನು ಹುರಿ ಚಾಚುವುದು. ಕೈ ಬೀಸುತ್ತಾ ಮಂಡಿ ಬಗ್ಗಿಸುವುದು. ತೋಳು ತಿರುಗಿಸುವುದು. ಪಕ್ಕಕ್ಕೆ ಬಾಗುವುದು, ಮುಂದಕ್ಕೆ ಬಾಗುವುದು, ಸೊಂಟ ತಿರುಚುವುದು. ನಡುವೆ ಒಮ್ಮೆ ಎಲ್ಲರೂ ಕುಪ್ಪಳಿಸುತ್ತಾರೆ, ಆಗ ಪಿಯಾನೊ ಕೂಡ ಕುಪ್ಪಳಿಸುತ್ತದೆ. ಕೊನೆಗೆ ದೀರ್ಘ ಉಸಿರು. ಅರ್ಧಕ್ಕೆ ಬರುವಷ್ಟರಲ್ಲಿ ತಿರುಗಿ ನೋಡಿದರೆ ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೆಂಚಿನ ಮುಂದೆಯೇ ನಿಂತಿದ್ದಾಳೆ, ತೋಳು ತಿರುಗಿಸುತ್ತಿದ್ದಾಳೆ. ಕುಪ್ಪಳಿಸುವುದೊಂದನ್ನು ಬಿಟ್ಟಳು.

"ಇದು ನಮ್ಮ ಸ್ಕೂಲಿನ ಡ್ರಿಲ್ಲೇ ಕಣೇ. ಏಕ್, ದೋ, ತೀನ್, ಚಾರ್ ಒಂದಿಲ್ಲ" ಅಂದಳು ವಾಪಸು ಬರುವಾಗ. ಸೀಲು ಹಾಕುವ ಹಿರಿಯರು ಮರುದಿನ ಅಮ್ಮನಿಗೂ ಒಂದು ಚೀಟಿ ಕೊಟ್ಟರು. ಎರಡು ಕೈಯಲ್ಲಿ ಹಿಡಿದು, ಬಗ್ಗಿ. ಅಮ್ಮ ಅದನ್ನು ಮಂಗಳಸೂತ್ರದ ಪಕ್ಕದಲ್ಲೇ ಇಳಿಬಿಟ್ಟುಕೊಂಡು ದಿನಾ ಹೊರಟಳು. ಅಲ್ಲಿಗೆ ಹೋಗಿ ಬರುವುದೇ ಇಪ್ಪತ್ತೈದು ನಿಮಿಷದ ನಡಿಗೆ ಎಂದು ನಾನು ಬಾಯಿ ಬಿಡಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಜಪಾನಿನಲ್ಲಿ ಎಲ್ಲವೂ ಚೆನ್ನ ಎಂದಂತಾಗುತ್ತದೆ. ಹಾಗಿಲ್ಲ. ದೊಡ್ಡವರು ಪಾರ್ಕಿಗೆ ಏನು ಬೇಕಾದರೂ ಹಾಕಿಕೊಂಡು ಬರಬಹುದು. ಮಕ್ಕಳ ಶಾಲೆಯ ವಿಷಯ ಬೇರೆ. ಜನವರಿಯ ಚಳಿಯಲ್ಲೂ ಬರಿಗಾಲು ಬಿಟ್ಟು ಚಡ್ಡಿಯಲ್ಲೇ ಓಡುವ ಮಕ್ಕಳನ್ನು ನೋಡಿ ನಾನು ಕಂಗಾಲಾಗಿದ್ದೆ. ಮಕ್ಕಳು ಗಾಳಿಯ ಮಕ್ಕಳು ಎಂಬ ಗಾದೆ ಇಲ್ಲಿದೆ, ಚಳಿ ತಡೆದುಕೊಂಡರೆ ಗಟ್ಟಿಯಾಗುತ್ತಾರೆ ಎಂಬ ನಂಬಿಕೆ. ವ್ಯಾಯಾಮದ ಶರ್ಟಿನ ಕೆಳಗೆ ಒಳ ಅಂಗಿ ಹಾಕಬಾರದು ಎನ್ನುವ ಶಾಲೆಗಳೂ ಇದ್ದವು. ಕೆಲವು ವರ್ಷಗಳ ಹಿಂದೆ ಪೋಷಕರು ತಕರಾರೆತ್ತಿ ಪತ್ರಿಕೆಗಳಲ್ಲೆಲ್ಲ ಚರ್ಚೆಯಾಯಿತು.

ಆಗಸ್ಟಿನ ಒಂದು ಬೆಳಿಗ್ಗೆ ವ್ಯಾಯಾಮ ಮುಗಿದ ಮೇಲೆ ನಮ್ಮ ಕೆಳಗಿನ ಮನೆಯಾಕೆಯ ಜೊತೆ ಇದೇ ಮಾತು ಬಂತು. ಆಕೆ ನನ್ನ ಓರಗೆಯವರು. ನನ್ನ ಖೊಖೊ ಕಥೆ ಹೇಳಿ, ನಿಮಗೆ ಆ ಕಷ್ಟವಿರಲಿಲ್ಲ, ಪುಣ್ಯವಂತರು ಎಂದೆ. ಆಕೆ ನಗಲಿಲ್ಲ. ಅವರ ಕಾಲದಲ್ಲಿ ಹುಡುಗಿಯರಿಗೆ ಈಗಿನ ಚಡ್ಡಿ ಇರಲಿಲ್ಲವಂತೆ. 'ಬುರುಮಾ' ಎನ್ನುವ, ಒಳ ಉಡುಪಿನಷ್ಟೇ ಗಿಡ್ಡವಾದ ಬಿಗಿ ಚಡ್ಡಿ. ಹುಡುಗರಿಗೆ ಸಾಮಾನ್ಯ ಚಡ್ಡಿ, ಹುಡುಗಿಯರಿಗೆ ಇದು. ಬೇಡ ಎನ್ನುವ ಹಾಗಿಲ್ಲ. ಶರ್ಟನ್ನು ಕೆಳಕ್ಕೆ ಎಳೆದುಕೊಂಡು ನಿಂತರೆ, ಒಳಗೆ ಸೇರಿಸು ಎಂದು ಮೇಷ್ಟ್ರು ಗದರುತ್ತಿದ್ದರಂತೆ. ವ್ಯಾಯಾಮದ ದಿನ ಹೊಟ್ಟೆನೋವು ಎಂದು ಸುಳ್ಳು ಹೇಳುತ್ತಿದ್ದೆ ಎಂದರು. ಹುಡುಗಿಯರೂ ಪೋಷಕರೂ ವಿರೋಧಿಸುತ್ತಾ ಬಂದು, 1990ರ ದಶಕದಿಂದ ಶುರುವಾಗಿ ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಶಾಲೆಗಳಿಂದ ಅದು ಮಾಯವಾಯಿತು. ಈಗ ಹುಡುಗ ಹುಡುಗಿಯರಿಗೆ ಒಂದೇ ಚಡ್ಡಿ.

ನಾನು ತಿಪಟೂರಿನಲ್ಲಿ ಚಡ್ಡಿ ಸಿಗಲಿಲ್ಲವೆಂದು ಅಳುತ್ತಿದ್ದ ಹೊತ್ತಿಗೆ ಇಲ್ಲೊಬ್ಬಳು ಚಡ್ಡಿ ಹಾಕಿಸಿದರೆಂದು ಅಳುತ್ತಿದ್ದಳು. ಇಬ್ಬರನ್ನೂ ಯಾರೂ ಒಂದು ಮಾತು ಕೇಳಿರಲಿಲ್ಲ.

ಆಕೆ ಹೇಳಿದ್ದನ್ನು ಅಲ್ಲೇ ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಹೇಳುವ ಭರದಲ್ಲಿ ನಾನು ಹೇಳಿದ್ದ ಖೊಖೊ ಕಥೆಯೂ ಬಂದುಬಿಟ್ಟಿತು. ಅಮ್ಮ ಏನೂ ಮಾತಾಡಲಿಲ್ಲ. ಮಧ್ಯಾಹ್ನ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಾಗ, ತಲೆ ಎತ್ತದೇ ಶುರುಮಾಡಿದಳು.

"ನಿಮ್ಮಜ್ಜಿ ಅವತ್ತೇನಂದಿದ್ರು ಗೊತ್ತಾ ನಿಂಗೆ? ಚಡ್ಡಿ ಹಾಕಿ ಕುಣಿಸೋ ಸ್ಕೂಲಾದ್ರೆ ನಾಳೆಯಿಂದ ಬಿಡಿಸಿ ಮನೇಲಿ ಕೂರಿಸು ಅಂದಿದ್ರು. ನಿಮ್ಮಪ್ಪನೂ ಹೂಂಗುಟ್ಟಿದ್ರು. ನಾನು ಆಟ ಬಿಡಿಸ್ತೀನಿ, ಸ್ಕೂಲು ಬಿಡಿಸಬೇಡಿ ಅಂದೆ. ನಂಗೆ ಏಳನೇ ಕ್ಲಾಸಿಗೆ ಬಿಡಿಸಿದ್ರು. ಆಟ ಬಿಟ್ಟೆ ಅಂತ ನೀನು ಅತ್ತೆ. ನಂಗೆ ನೀನು ಓದ್ತಿದ್ದೀಯಲ್ಲ ಅಷ್ಟೇ ಸಾಕಾಗಿತ್ತು."

"ಅವತ್ತೇ ಯಾಕೆ ಹೇಳಲಿಲ್ಲಮ್ಮ?"

"ಹೇಳಿದ್ರೆ ನಿಮ್ಮಜ್ಜಿ ಜೊತೆ ಜಗಳಕ್ಕೆ ಹೋಗ್ತಿದ್ದೆ. ಆಮೇಲೆ ಎರಡೂ ಹೋಗ್ತಿತ್ತು."

ಹುರುಳಿಕಾಯಿ ಮುಗಿಯುವವರೆಗೆ ಇಬ್ಬರೂ ಸುಮ್ಮನಿದ್ದೆವು. ನಾನೂ ಒಂದು ಹಿಡಿ ತೆಗೆದುಕೊಂಡು ನಾರು ಬಿಡಿಸಿದೆ.

ಸೆಪ್ಟೆಂಬರಿನಲ್ಲಿ ಶಾಲೆ ಶುರುವಾದ ಮೇಲೆ ಮಗಳು ಒಂದು ದಿನ ಮುಖ ಸಣ್ಣ ಮಾಡಿಕೊಂಡು ಬಂದಳು. ವ್ಯಾಯಾಮದ ಚಡ್ಡಿಯ ಕೆಳಗೆ ಮಂಡಿಯವರೆಗಿನ ಲೆಗ್ಗಿಂಗ್ಸ್ ಹಾಕಿಕೊಳ್ಳಬೇಕಂತೆ. ಯಾಕೆ, ಯಾರಾದರೂ ಏನಾದರೂ ಅಂದರಾ ಎಂದು ನಾನು ನೂರು ಪ್ರಶ್ನೆ ಹಾಕಿದೆ. ಯಾರೂ ಅಂದಿಲ್ಲ, ನನಗೆ ಹಾಗೆ ಬೇಕು ಅಂದಳು. ಚಡ್ಡಿಯೇ ಚೆನ್ನ ಎಂದು ಭಾಷಣ ಶುರುಮಾಡಿದ್ದೆ; ಅಮ್ಮ ಕಣ್ಣಲ್ಲೇ ನಿಲ್ಲಿಸಿದಳು. ಶಾಲೆಗೂ ಮನೆಗೂ ಓಡಾಡುವ ಸಂಪರ್ಕ ಪುಸ್ತಕದಲ್ಲಿ ಟೀಚರಿಗೆ ಎರಡು ಸಾಲು ಬರೆದೆ. 'ಕಪ್ಪು ಅಥವಾ ನೀಲಿ ಬಣ್ಣದ್ದಾದರೆ ಹಾಕಿಕೊಳ್ಳಬಹುದು' ಎಂದು ಉತ್ತರ ಬಂತು. ಹಾಸನದ ಅಕ್ಕಾ, ನಿಮಗೂ ನಾನು ಹೇಳಬಹುದಾದ್ದು ಇಷ್ಟೇ: ಟ್ರ್ಯಾಕ್ ಪ್ಯಾಂಟಿನ ಮೇಲೆ ಉದ್ದನೆಯ ಕುರ್ತಾ ಹಾಕಿಕೊಂಡು ನೋಡಿ. ನಾನು ಓಡಲು ಮತ್ತೆ ಶುರುಮಾಡಿದ್ದು ಹಾಗೆಯೇ. ಅದೂ ಆಗದಿದ್ದರೆ ಸೀರೆಯಲ್ಲೇ ನಡೆಯಿರಿ, ನೆರಿಗೆ ಒಂದಿಷ್ಟು ಮೇಲೆ ಉಟ್ಟುಕೊಂಡರೆ ಸಾಕು.

ಅಮ್ಮ ಅಕ್ಟೋಬರಿನಲ್ಲಿ ಊರಿಗೆ ಹೋದಳು. ಇಲ್ಲಿನ ಆರೂವರೆ ಅಂದರೆ ಅಲ್ಲಿ ಬೆಳಗಿನ ಜಾವ ಮೂರು. ಹಾಗಾಗಿ ಆ ಪಿಯಾನೊವನ್ನು ಮೊಬೈಲಿಗೆ ಹಾಕಿಸಿಕೊಂಡು ಹೋಗಿದ್ದಾಳೆ. ಮಗಳು ಅಜ್ಜಿಗೊಂದು ಚೀಟಿ ತಾನೇ ಗೆರೆ ಎಳೆದು ಮಾಡಿಕೊಟ್ಟಿದ್ದಳು. ಸೀಲು ಹಾಕುವವರು ಅಲ್ಲಿ ಯಾರಿದ್ದಾರೆ? ಅಮ್ಮ ಬೆರಳನ್ನು ಕುಂಕುಮಕ್ಕೆ ಅದ್ದಿ ಚೌಕಕ್ಕೆ ಒತ್ತುತ್ತಾಳೆ. ತಿಂಗಳಿಗೊಮ್ಮೆ ಫೋಟೊ ಬರುತ್ತದೆ. ಹೆಚ್ಚುಕಮ್ಮಿ ಎಲ್ಲ ಚೌಕವೂ ಕೆಂಪು, ಹಬ್ಬದ ದಿನಗಳು ಖಾಲಿ. ಎದುರು ಮನೆಯಾಕೆಯೂ ಈಗ ಮಹಡಿಗೆ ಬರುತ್ತಾರಂತೆ, ನೈಟಿಯ ಮೇಲೆ ಟವೆಲ್ಲು ಹಾಕಿಕೊಂಡು.

ಹೋದ ವಾರ ಬಂದ ಫೋಟೊದಲ್ಲಿ ಚೀಟಿಯನ್ನು ಮಂಚದ ಮೇಲಿಟ್ಟು ತೆಗೆದಿದ್ದಾಳೆ. ಮೂಲೆಯಲ್ಲಿ ಶೂ ಡಬ್ಬ ಕಾಣುತ್ತಿತ್ತು, ಮುಚ್ಚಳ ತೆಗೆದಿತ್ತು. ನಾನು ದೊಡ್ಡದು ಮಾಡಿ ನೋಡಿದೆ, ಒಳಗೆ ಶೂ ಇದೆಯೋ ಇಲ್ಲವೋ ತಿಳಿಯಲಿಲ್ಲ. ಕೇಳಲು ಹೋಗಿಲ್ಲ.